ತಿಕೋಟಾದಲ್ಲಿ ನಾದಿನಿಯ ಚೌಕಶಿ

ಆಗ ನನಗೆ ಇಪ್ಪತ್ತೆರಡು ವರ್ಷ. ಅದಾಗಿ ಅರವತ್ತು ವರ್ಷ ದಾಟಿದವು. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಅಕ್ಷರ ಗೊತ್ತು, ಆದರೆ ಅಕ್ಷರಗಳಿಗೂ ನನಗೂ ಅಂಥ ಸಲಿಗೆ ಇಲ್ಲ. ನೆನಪಿದ್ದಷ್ಟು ಬರೆಯುತ್ತೇನೆ. ನೆನಪಿಲ್ಲದ್ದನ್ನು ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ವಿಜಯಪುರಕ್ಕೆ ಆಗ ವಿಜಾಪುರ ಎನ್ನುತ್ತಿದ್ದೆವು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮನೆ ಎಂದರೆ ಒಂದೂವರೆ ಖೋಲಿ. ಒಂದರಲ್ಲಿ ಒಲೆ, ನಾನು, ನನ್ನ ಗಂಡ. ಉಳಿದ ಅರ್ಧದಲ್ಲಿ ನಾದಿನಿ. ಗಂಡ ಬಸ್ ಡಿಪೋದಲ್ಲಿ ಫಿಟ್ಟರ್. ನಾದಿನಿ, ಎಂದರೆ ಅವರ ತಂಗಿ, ಸರಕಾರಿ ದವಾಖಾನೆಯಲ್ಲಿ ನರ್ಸ್. ವಯಸ್ಸಿನಲ್ಲಿ ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಸಂಬಂಧದಲ್ಲಿ ಸಣ್ಣವಳು. ಹೀಗಾಗಿ ಅತ್ತಿಗೆಯಾದ ನನ್ನನ್ನು ಸಮಾಧಾನದಲ್ಲಿದ್ದಾಗ "ವೈನಿ, ಬರ್ರಿ" ಎನ್ನುತ್ತಿದ್ದಳು, ಸಿಟ್ಟು ಬಂದಾಗ "ಏ ವೈನಿ, ಕಣ್ಣ ಕಾಣೂದಿಲ್ಲೇನ ನಿನಗ?" ಎನ್ನುತ್ತಿದ್ದಳು. ನನಗೆ ಎರಡೂ ಒಂದೇ.

ಊರು ತಿಕೋಟಾ. ಅಲ್ಲಿ ನಮ್ಮ ಅತ್ತೆ ಒಬ್ಬಳೇ ಹೊಲ ನೋಡಿಕೊಂಡು ಇದ್ದಳು. ಮಾವ ಸಾಯುವ ಮೊದಲು ಮಿರಜದ ದವಾಖಾನೆಯಲ್ಲಿ ಬಹಳ ದಿನ ಮಲಗಿದ್ದರು. ಅಲ್ಲಿಯ ನರ್ಸುಗಳನ್ನು ನೋಡಿ ಬಂದು, ಮಗಳು ಮ್ಯಾಟ್ರಿಕ್ ಪಾಸಾದ ಕೂಡಲೇ ಸೋಲಾಪುರಕ್ಕೆ ತರಬೇತಿಗೆ ಹಾಕಿಬಿಟ್ಟರು. ಅತ್ತೆಗೆ ಅದು ಕೊನೆಯವರೆಗೂ ಸೇರಲಿಲ್ಲ. ಲಗ್ನವಾಗದ ಹುಡುಗಿ ಪರ ಗಂಡಸರ ಗಾಯ ತೊಳೆಯುವುದೆಂದರೆ ಏನು? ಅದಕ್ಕೆ ಊರಲ್ಲಿ ಅವಳು ಹೇಳುತ್ತಿದ್ದುದೇ ಬೇರೆ: ಮಗಳು ಅಣ್ಣನ ಮನೆಯಲ್ಲಿದ್ದು ಹೊಲಿಗೆ ಕಲಿಯುತ್ತಾಳೆ. ಊರ ಅರ್ಧ ಮಂದಿ ವಿಜಾಪುರಕ್ಕೆ ಬಂದು ಅವಳ ಕೈಯಿಂದಲೇ ಇಂಜೆಕ್ಷನ್ ಹಾಕಿಸಿಕೊಂಡು ಹೋಗಿದ್ದರು. ಅವರೂ ಅತ್ತೆಯ ಎದುರಿಗೆ, "ಹೊಲಿಗಿ ಎಲ್ಲೀಮಟ ಬಂತ್ರಿ?" ಎಂದು ಕೇಳುತ್ತಿದ್ದರು.

ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ನಾದಿನಿ ಡ್ಯೂಟಿ ಮುಗಿಸಿ ಬಂದವಳು ಕೈಕಾಲು ತೊಳೆಯದೆ ಒಲೆಯ ಮುಂದೆ ಕುಳಿತಳು.

"ವೈನಿ, ನಾ ಇಂಗ್ಲೆಂಡಿಗೆ ಹೊಂಟೀನ್ರಿ."

"ಉಂಡು ಹೋಗ್ತೀಯೋ, ಬಂದು ಉಣ್ತೀಯೋ?" ಎಂದೆ.

ಅವಳು ನಗಲಿಲ್ಲ. ಸೆರಗಿನಿಂದ ಒಂದು ಕಾಗದ ತೆಗೆದು ತೋರಿಸಿದಳು. ಮೇಲೆ ಸಿಂಹ, ಕುದುರೆ ಇದ್ದ ಮುದ್ರೆ. ಅವಳ ದವಾಖಾನೆಯ ದೊಡ್ಡ ಸಿಸ್ಟರ್ ಹೇಳಿಕೊಟ್ಟಂತೆ ಆರು ತಿಂಗಳ ಹಿಂದೆ ಅರ್ಜಿ ಹಾಕಿದ್ದಳಂತೆ, ಮನೆಯಲ್ಲಿ ಯಾರಿಗೂ ಹೇಳದೆ. ನಾನು ರೊಟ್ಟಿ ತಿರುವಿ ಹಾಕಿ, "ತಿಳಿಸಿ ಹೇಳು" ಎಂದೆ.

"ಅಲ್ಲಿಗೆ ಹೋಗಾಕ ಎರಡು ಹಾದಿ ಅದಾವ್ರಿ. ಒಂದು, ಕಲಿಯಾಕ ಹೋಗೂದು. ಅಲ್ಲಿ ಸಾಲಿಯವರು ತಗೋತೀವಿ ಅಂತ ಬರದು ಕೊಡಬೇಕು, ನನ್ನ ಖರ್ಚು ಯಾರು ನೋಡ್ತಾರಂತ ನಾ ತೋರಸಬೇಕು. ಕಲಿಯೂದು ಮುಗೀತು ಅಂದ್ರ ಗಂಟು ಕಟ್ಟಬೇಕು. ಇನ್ನೊಂದು, ದುಡಿಯಾಕ ಹೋಗೂದು. ಕಸಬು ಕಲತವರಿಗೆ ಅವರ ಸರಕಾರ ಚೀಟಿ ಕೊಡ್ತೈತಿ. ಚೀಟಿ ಇದ್ರ ದುಡೀಬಹುದು, ಅಲ್ಲೇ ಇರಬಹುದು, ಪರೀಕ್ಷಾ ಕಟ್ಟಿ ಮುಂದ ಕಲೀಬಹುದು. ನನಗ ಚೀಟಿ ಬಂದೈತಿ."

ನಾನು ಸ್ವಲ್ಪ ಯೋಚನೆ ಮಾಡಿದೆ. "ಅಂದ್ರ ಒಂದು ಹಾದೀಲೆ ಹೋದ್ರ ಬೀಗರಂಗ. ನಾಕ ದಿನ ಇದ್ದು ಬರೂದು. ಇನ್ನೊಂದು ಹಾದೀಲೆ ಹೋದ್ರ ಸೊಸಿಯಂಗ."

"ಹಂಗ ತಿಳಕೋರಿ."

"ಹಂಗಾರ ಬೀಗರಂಗ ಹೋಗು. ಸೊಸೀಗೆ ಕೆಲಸ ಭಾಳ."

ಈಗ ನಕ್ಕಳು. ನಕ್ಕು ಮುಗಿಸಿ ಕಾಗದದ ಕೆಳಗೆ ಬೆರಳಿಟ್ಟಳು. ಚೀಟಿಗೆ ಆರು ತಿಂಗಳ ಅವಧಿ. ಅಷ್ಟರೊಳಗೆ ಆ ನೆಲದ ಮೇಲೆ ಕಾಲಿಡಬೇಕು. ತಪ್ಪಿದರೆ ಚೀಟಿ ಸತ್ತಂತೆ. ಮತ್ತೆ ಅರ್ಜಿ ಹಾಕಿದರೆ ಅವಳಿಗಿಂತ ಮುಂದೆ ಎಷ್ಟು ಸಾವಿರ ಮಂದಿ ನಿಂತಿರುತ್ತಾರೋ. ಅವರು ಬಾ ಎಂದರಷ್ಟೇ ಸಾಲದು, ನಮ್ಮ ಸರಕಾರ ಹೋಗು ಎನ್ನಬೇಕು. ಆ ಹೋಗು ಎನ್ನುವುದಕ್ಕೆ ಪಾಸ್‌ಪೋರ್ಟ್ ಎನ್ನುತ್ತಾರೆ. ಅದಕ್ಕೂ ಅರ್ಜಿ ಹೋಗಿದೆ.

"ಇಲ್ಲಿ ಏನ ಕಡಿಮಿ ಆಗೈತಿ ನಿನಗ?" ಎಂದೆ.

"ಡಾಕ್ಟರ್ ಕತ್ತರಿ ಅಂದ್ರ ಕತ್ತರಿ ಕೊಡ್ತೀನಿ, ಚಿಮಟಾ ಅಂದ್ರ ಚಿಮಟಾ ಕೊಡ್ತೀನಿ. ಯಾಕ ಆ ಕತ್ತರೀನ ಬೇಕು ಅಂತ ಕೇಳಿದ್ರ, ನಿನ್ನ ಕೆಲಸ ನೀ ನೋಡು ಅಂತಾರ. ಅಲ್ಲಿ ಆಪರೇಶನ್ ಖೋಲ್ಯಾಗಿನ ಕೆಲಸ ಕಲಿಸ್ತಾರಂತ."

ಕತ್ತರಿಗೋಸ್ಕರ ಸಮುದ್ರ ದಾಟುವವಳನ್ನು ನಾನು ಅವತ್ತೇ ನೋಡಿದ್ದು. ಗಂಡ ಬಂದ ಮೇಲೆ ಅವರಿಗೂ ಹೇಳಿದಳು. ಅವರು ಕೈಗೆ ಹತ್ತಿದ ಗ್ರೀಸನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತ, "ಅವ್ವಗ ಯಾರು ಹೇಳಾವರು?" ಎಂದರು. ತಂಗಿ ಹೋಗುವುದು ಅವರಿಗೆ ಭಾರವಾಗಲಿಲ್ಲ. ಅವ್ವನಿಗೆ ಹೇಳುವುದು ಭಾರವಾಯಿತು.

ಕೊನೆಗೆ ನಾದಿನಿಯೇ ತಿಕೋಟಾಕ್ಕೆ ಹೋಗಿ ಹೇಳಿದಳು. ಅತ್ತೆ ಕೂಗಾಡಲಿಲ್ಲ. "ಆ ಕೆಂಪ ಮೂತಿಯವರನ್ನ ಇಲ್ಲಿಂದ ಅಟ್ಟಾಕ ಇಡೀ ದೇಶ ಒದ್ದಾಡೇತಿ. ನೀ ಈಗ ಅವರ ಬೆನ್ನ ಹತ್ತಿ ಹೋಗಾಕಿ?" ಎಂದಳಂತೆ. ಅಷ್ಟು ಹೇಳಿ ಎಮ್ಮೆ ಹಿಂಡಲು ಹೋದಳಂತೆ. ನಾದಿನಿ ಇಷ್ಟಕ್ಕೇ ಮುಗಿಯಿತು ಎಂದುಕೊಂಡು ಹಗುರಾಗಿ ವಾಪಸು ಬಂದಳು. ಮುಗಿದಿರಲಿಲ್ಲ. ಅತ್ತೆ ಮರುವಾರವೇ ಜೈನಾಪುರ, ನಿಡೋಣಿ, ಬಬಲೇಶ್ವರದ ಬಳಗಕ್ಕೆಲ್ಲ ಹೇಳಿ ಕಳಿಸಿದ್ದಳು: ಹುಡುಗಿ ಲಗ್ನಕ್ಕೆ ಬಂದಾಳ, ಒಳ್ಳೆಯ ಮನೆ ಇದ್ದರೆ ನೋಡಿರಿ. ಕೊರಳಿಗೆ ತಾಳಿ ಬಿದ್ದರೆ ಇಂಗ್ಲೆಂಡು ತಾನೇ ಬಿಡುತ್ತದೆ ಎಂದು ಅವಳ ಲೆಕ್ಕ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಬರುವ ಮೊದಲು ಹುಡುಗನ ಕಡೆಯ ಒಬ್ಬ ಹಿರಿಯ ಒಬ್ಬನೇ ಊರಿಗೆ ಬರುತ್ತಾನೆ. ತಾನು ಯಾರೆಂದು ಬಾಯಿ ಬಿಡುವುದಿಲ್ಲ. ಎತ್ತು ನೋಡಲು ಬಂದೆ, ಹೀಗೇ ಹಾದು ಹೊರಟಿದ್ದೆ ಎನ್ನುತ್ತಾನೆ. ಚಹಾದ ಅಂಗಡಿಯಲ್ಲಿ, ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ ಕುಳಿತು, ಆ ಮನೆಯವರು ಹೇಗೆ, ಆ ಹುಡುಗಿ ಹೇಗೆ ಎಂದು ಕೇಳುತ್ತಾನೆ. ಇದಕ್ಕೆ ಚೌಕಶಿ ಎನ್ನುತ್ತಾರೆ. ಅವನು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ, ಆದರೆ ಗೊತ್ತಿಲ್ಲದವರಂತೆ ಹೊಗಳಬೇಕು. ಮನೆ ಮನೆಗೆ ಎಷ್ಟೇ ಜಗಳವಿರಲಿ, ಹೆಣ್ಣಿನ ಚೌಕಶಿಗೆ ಬಂದವನ ಎದುರು ಯಾರೂ ಕೆಡಿಸಿ ಮಾತಾಡುವುದಿಲ್ಲ. ನಾಳೆ ತಮ್ಮ ಮನೆಯ ಹೆಣ್ಣಿಗೂ ಜನ ಬರಬೇಕಲ್ಲ.

ಬಿತ್ತಲು ಶೇಂಗಾ ಒಡೆಯುವ ದಿನಗಳು ಬಂದವು. ನಾನು ಅತ್ತೆಯ ನೆರವಿಗೆ ತಿಕೋಟಾಕ್ಕೆ ಹೋಗಿದ್ದೆ. ಒಂದು ಮುಂಜಾನೆ ಹಿಟ್ಟಿನ ಗಿರಣಿಯ ಕಡೆಯಿಂದ ಸುದ್ದಿ ಬಂತು: ಕರಿ ಟೋಪಿ, ಬಿಳಿ ಪೈಜಾಮ ಹಾಕಿದ, ಬಗಲಲ್ಲಿ ಕೊಡೆ ಇಟ್ಟುಕೊಂಡ ಒಬ್ಬ ಮನುಷ್ಯ ನಮ್ಮ ಮನೆಯ ಹುಡುಗಿಯ ಬಗ್ಗೆ ಕೇಳುತ್ತಿದ್ದಾನೆ. ಅತ್ತೆ ಸೆರಗು ಕೊಡವಿ ಎದ್ದಳು.

"ಸಜ್ಜಕ ಮಾಡು. ಬೆಲ್ಲಕ್ಕ ಕೈ ಹಿಡೀಬ್ಯಾಡ" ಎಂದು ನನಗೆ ಹೇಳಿದಳು. ನಾನು ಗೋಧಿ ರವೆ ಹುರಿಯಲು ಇಟ್ಟೆ.

ಅವನು ನಮ್ಮ ಮನೆಗೆ ಬರುವ ಮೊದಲು ಎದುರು ಮನೆಯವಳ ಕಟ್ಟೆಯ ಮೇಲೆ ಕುಳಿತ. ಎದುರು ಮನೆಯವಳಿಗೂ ನಮ್ಮ ಅತ್ತೆಗೂ ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎನ್ನುವುದರ ಮೇಲೆ ಜಗಳವಾಗಿ ಮೂರು ವರ್ಷದಿಂದ ಮಾತಿರಲಿಲ್ಲ. ನಾನು ಬಾಗಿಲ ಸಂದಿಯಿಂದ ಕೇಳುತ್ತಿದ್ದೆ.

"ಈ ಎದುರ ಮನಿ ಹುಡುಗಿ ಹೆಂಗ್ರಿ?"

"ಬಂಗಾರ್ರೀ ಯಪ್ಪಾ, ಬಂಗಾರ. ಕಾಲಾಗಿನ ಇರಿವಿ ತುಳಿದಾಕಿ ಅಲ್ಲ."

"ವಯಸ್ಸು?"

"ಹದಿನೆಂಟು ತುಂಬ್ಯಾವೋ ಇಲ್ಲೋ."

"ನೌಕ್ರಿ ಮಾಡ್ತಾಳ ಅಂತ ಕೇಳಿದ್ದೆ."

"ಯಾರ್ರೀ ಹಂಗ ಅಂದವರು? ಅವರ ನಾಲಿಗೆ ಸೇದಿ ಹೋಗ್ಲಿ. ಹೊಸ್ತಲ ದಾಟಿದ ಹುಡುಗಿ ಅಲ್ಲ ಅದು."

"ಪರದೇಶಕ್ಕ ಹೋಗೂ ವಿಚಾರ ಏನರ?"

"ಪರದೇಶ? ಅದು ಇನ್ನಾ ವಿಜಾಪುರ ನೋಡಿಲ್ರೀ!"

ಆ ಮನುಷ್ಯ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಅತ್ತೆ ನನ್ನ ಕಿವಿಯಲ್ಲಿ, "ಭಾಳ ಚೊಕ್ಕ ಮಂದಿ ಕಾಣ್ತಾರ. ಬರಕೊಳ್ಳಾಕತ್ತಾನ ನೋಡು!" ಎಂದಳು.

ಅವನು ನಮ್ಮ ಪಡಸಾಲೆಗೆ ಬಂದು ಹೀಗೇ ಹಾದು ಹೊರಟಿದ್ದೆ, ನೀರು ಕುಡಿದು ಹೋಗೋಣವೆಂದು ಬಂದೆ ಎಂದ. ಹುಡುಗನ ಕಡೆಯವರು ಹೇಳುವುದೂ ಅದನ್ನೇ. ಅತ್ತೆ ಕಂಬಳಿ ಹಾಸಿ ಕೂರಿಸಿದಳು. ಅವನು ಮತ್ತೆ ಎಲ್ಲ ಕೇಳಿದ. ಅತ್ತೆ ಎದುರು ಮನೆಯವಳಿಗಿಂತ ಒಂದು ಕೈ ಮೇಲೆ ಹೋದಳು. ಮಗಳು ಶಾಲೆಯ ಕಟ್ಟೆ ಹತ್ತಿಲ್ಲ, ಅದಕ್ಕೇ ಎದುರು ಮಾತಾಡುವುದು ಗೊತ್ತಿಲ್ಲ ಎಂದಳು.

"ಕೋರ್ಟು, ಕಚೇರಿ, ಖಟ್ಲೆ ಏನರ ಅದಾವೇನು?"

"ಶಿವ ಶಿವಾ. ನಮ್ಮ ಮನ್ಯಾಗ ಕೋರ್ಟಿನ ಮೆಟ್ಲ ಹತ್ತಿದವರಿಲ್ಲ."

"ಯಾವುದರ ಪಾರ್ಟಿ, ಚಳವಳಿ?"

"ಸೋಮವಾರದ ಭಜನಿ ಬಿಟ್ರ ಯಾವ ಗುಂಪಿಗೂ ಹೋಗೂದಿಲ್ರಿ."

ನನಗೆ ಈ ಪ್ರಶ್ನೆ ಸ್ವಲ್ಪ ಬೇರೆ ಅನಿಸಿತು. ಆದರೆ ಅಂಥ ಹೊತ್ತಿನಲ್ಲಿ ಸೊಸೆ ಬಾಯಿ ಹಾಕುವ ಪದ್ಧತಿ ಇರಲಿಲ್ಲ. ನಾನು ಸಜ್ಜಕ ತಿರುವುತ್ತ ಕುಳಿತೆ. ಸಜ್ಜಕ ತಳ ಹತ್ತಿದರೆ ಬೈಸಿಕೊಳ್ಳುವವಳು ನಾನು.

ಆಮೇಲೆ ಅವನು, "ಹುಡುಗೀನ್ನ ಒಮ್ಮೆ ಕಣ್ಣಿಲೆ ನೋಡಬೇಕಾಗಿತ್ತಲ್ಲ" ಎಂದ.

ಹುಡುಗಿ ವಿಜಾಪುರದಲ್ಲಿ ಡ್ಯೂಟಿಯ ಮೇಲೆ. ಹೊಸ್ತಿಲು ದಾಟದವಳು ಮನೆಯಲ್ಲಿಲ್ಲ ಎಂದು ಹೇಳುವುದು ಹೇಗೆ? ಅತ್ತೆ, "ತಡೀರಿ, ದೇವರ ಖೋಲ್ಯಾಗ ಅದಾಳ" ಎಂದು ಒಳಗೆ ಬಂದವಳೇ ಹಿತ್ತಲ ಬಾಗಿಲಿನಿಂದ ಓಡಿದಳು. ಸುತ್ತು ಹಾಕಿ ಎದುರು ಮನೆಯ ಹಿತ್ತಲಿಗೆ ಹೋಗಿ, ಮೂರು ವರ್ಷದ ಮೇಲೆ ಮೊದಲನೆಯ ಮಾತು ಆಡಿದಳು:

"ನಿನ್ನ ಮಗಳನ್ನ ಒಂದ್ ಗಳಿಗಿ ಕೊಡು ಬೇ."

"ನನ್ನ ಮಗಳನ್ನ? ಅಂವ ಒಪ್ಪಿಬಿಟ್ರ?"

"ಒಪ್ಪಲಿ. ಹುಡುಗ ಬಂದಾಗ ನನ್ನ ಮಗಳನ್ನ ತೋರಸ್ತೀನಿ. ಈ ಮುದುಕಗ ಏನ ಗೊತ್ತಾಗ್ತೈತಿ? ನೀರ ಕೊಟ್ಟು ಒಳಗ ಬರ್ಲಿ, ಸಾಕು."

"ಸೀರಿ ನಿಮ್ದ ಉಡಸಬೇಕ ಮತ್ತ. ನಂದು ಹಾಳ ಮಾಡಕೊಳ್ಳೂದಿಲ್ಲ."

ಉಡಿಸಿದ್ದು ನನ್ನ ಮದುವೆಯ ಇಳಕಲ್ಲ ಸೀರೆ. ಆ ಹುಡುಗಿಗೆ ಹದಿನಾರೋ ಹದಿನೇಳೋ. ತಲೆಯ ಮೇಲೆ ಸೆರಗು ಎಳೆದುಕೊಂಡು ಸೀರೆಯ ನೆರಿಗೆ ತುಳಿಯುತ್ತ ಹೋಗಿ, ಅರ್ಧ ನೀರನ್ನು ಅವನ ಬೂಟಿನ ಮೇಲೆ ಚೆಲ್ಲಿ, ಉಳಿದದ್ದನ್ನು ಕೈಗೆ ಕೊಟ್ಟಳು. ಅವನು ಕಿಸೆಯಿಂದ ಒಂದು ಫೋಟೋ ತೆಗೆದ. ಫೋಟೋ ನೋಡಿದ, ಹುಡುಗಿಯನ್ನು ನೋಡಿದ, ಮತ್ತೆ ಫೋಟೋ ನೋಡಿದ. ಮುಖ ಗಂಟಾಯಿತು.

"ಫೋಟೋ ಯಾರು ಕೊಟ್ಟಾರು?" ಎಂದು ಅತ್ತೆ ನನ್ನನ್ನು ಕೇಳಿದಳು.

"ಜೈನಾಪುರದವರು ಕೊಟ್ಟಿರಬೇಕ್ರಿ" ಎಂದೆ.

ಏನೇ ಇರಲಿ, ಸಜ್ಜಕವನ್ನು ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಉಂಡು, ತೇಗಿ, ಕೊಡೆ ಬಿಚ್ಚಿಕೊಂಡು ಹೋದ. ಅತ್ತೆ ಮತ್ತು ಎದುರು ಮನೆಯವಳು ಸಂಜೆಯವರೆಗೆ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು.

ಮೂರು ವಾರದ ಮೇಲೆ ವಿಜಾಪುರದ ಪೊಲೀಸ್ ಕಚೇರಿಯಿಂದ ನಾದಿನಿಗೆ ಕರೆ ಬಂತು. ಗಂಡಸರು ತುಂಬಿದ ಜಾಗ, ಒಬ್ಬಳೇ ಹೋಗುವುದು ಬೇಡವೆಂದು ಗಂಡ ಮತ್ತು ನಾನು ಜೊತೆಗೆ ಹೋದೆವು. ಸಾಹೇಬರು ಒಬ್ಬರು ಮೇಜಿನ ಹಿಂದೆ ಕುಳಿತಿದ್ದರು. ನಾದಿನಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ನೀ ಯಾರು?"

ಅವಳು ಹೆಸರು ಹೇಳಿದಳು.

"ಅದು ನಿನ್ನ ಹೆಸರಲ್ಲ" ಎಂದು ಸಾಹೇಬರು ಅವಳ ಪಾಸ್‌ಪೋರ್ಟ್ ಅರ್ಜಿಯ ಜೊತೆಗಿದ್ದ ಚೌಕಶಿಯ ಹಾಳೆ ಓದಿದರು. ಆ ಹೆಸರಿನ ಹುಡುಗಿ ತಿಕೋಟಾದಲ್ಲಿ ಅವ್ವನ ಹತ್ತಿರ ಇದ್ದಾಳೆ. ವಯಸ್ಸು ಹದಿನೆಂಟು. ಶಾಲೆಗೆ ಹೋಗಿಲ್ಲ. ನೌಕರಿ ಇಲ್ಲ. ವಿಜಾಪುರ ನೋಡಿಲ್ಲ. ಅವ್ವ ಅವಳನ್ನು ಖುದ್ದಾಗಿ ತೋರಿಸಿದ್ದಾಳೆ. ಫೋಟೋದಲ್ಲಿರುವ ಹೆಂಗಸು ಬೇರೆ ಯಾರೋ. ಆ ಬಡ ಹುಡುಗಿಯ ಹೆಸರು ಕದ್ದು ಪರದೇಶಕ್ಕೆ ಹೊರಟವಳು.

ಸಾಹೇಬರ ಹಿಂದೆ ಗೋಡೆಗೆ ಆನಿಕೊಂಡು ಖಾಕಿ ಹಾಕಿದ ಒಬ್ಬ ಜಮಾದಾರ ನಿಂತಿದ್ದ. ಟೋಪಿ ಬದಲಾಗಿತ್ತು, ಮುಖ ಅದೇ. ನನಗೆ ತಡೆಯಲಾಗಲಿಲ್ಲ.

"ಏನ್ರೀ, ಇಂವ ನಮ್ಮ ಮನ್ಯಾಗ ಸಜ್ಜಕ ಉಂಡಾಂವ!" ಎಂದು ಗಂಡನಿಗೆ ಹೇಳಿದೆ.

"ಸಜ್ಜಕ?" ಎಂದು ಸಾಹೇಬರು ತಿರುಗಿದರು. ಜಮಾದಾರ ಜಂತಿ ನೋಡತೊಡಗಿದ.

ಅತ್ತೆ ಇಲ್ಲದ ಕಡೆ ನನ್ನ ಬಾಯಿಗೆ ತಡೆ ಇರಲಿಲ್ಲ. ಹೆಣ್ಣಿನ ಚೌಕಶಿಗೆ ಬಂದವನೆಂದು ತಿಳಿದದ್ದು, ಎದುರು ಮನೆಯ ಹುಡುಗಿ, ನನ್ನ ಸೀರೆ, ಬೂಟಿನ ಮೇಲಿನ ನೀರು ಎಲ್ಲ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ಹಾಕಿಕೊಂಡರು.

"ನೋಡಮ್ಮಾ, ನಾ ನಗಬಹುದು. ಫೈಲು ನಗೂದಿಲ್ಲ. ಅವ್ವನ ಬಂದು ಇಕಿ ನನ್ನ ಮಗಳು ಅಂತ ಹೇಳಿಕೆ ಕೊಡಬೇಕು. ಊರಾಗ ಮತ್ತೊಮ್ಮೆ ಚೌಕಶಿ ಆಗಬೇಕು. ಈ ಸಲ ಖರೇ ಹೇಳಾಕ ಹೇಳ್ರಿ."

ನಾದಿನಿ ತನ್ನ ತರಬೇತಿಯ ಸರ್ಟಿಫಿಕೇಟು ಮುಂದೆ ಇಟ್ಟಳು. ಅದು ಆ ಹೆಸರಿನವಳದು, ನೀನೇ ಅವಳೆಂದು ಯಾರು ಹೇಳಬೇಕು ಎಂದು ಸಾಹೇಬರು ಅದನ್ನು ಹಿಂದಕ್ಕೆ ಸರಿಸಿದರು. ಚೀಟಿಯ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಹೋಗಿತ್ತು. ಹಡಗಿನಲ್ಲಿ ಕಳೆಯುವ ದಿನ ಬೇರೆ.

ಮೂವರೂ ಅಲ್ಲಿಂದಲೇ ತಿಕೋಟಾದ ಬಸ್ಸು ಹತ್ತಿದೆವು. ಅತ್ತೆ ಪೂರ್ತಿ ಕೇಳಿದಳು. ಪೊಲೀಸನಿಗೆ ಸಜ್ಜಕ ಬಡಿಸಿದೆನಲ್ಲ ಎಂದು ಮೊದಲು ಬೆಲ್ಲಕ್ಕೆ ಮರುಗಿದಳು. ಆಮೇಲೆ ಕಾಲು ಚಾಚಿ ಕುಳಿತು, "ನಾ ಬರೂದಿಲ್ಲ" ಎಂದಳು.

"ನನ್ನ ಮಗಳಿಗೆ ಇಪ್ಪತ್ನಾಕು, ದವಾಖಾನ್ಯಾಗ ಗಂಡಸರ ಗಾಯ ತೊಳೀತಾಳ ಅಂತ ಸರಕಾರದ ಮುಂದ ನಿಂತು ಹೇಳಲೇನು? ಕಾಗದದ ಮ್ಯಾಲೆ ಬಿದ್ದದ್ದು ಅಳಸ್ತೈತೇನು? ನಾಳೆ ಇಕಿನ್ನ ಯಾರ ಮಾಡ್ಕೋತಾರ?"

"ಯವ್ವಾ, ನೀ ಹೇಳಲಿಲ್ಲ ಅಂದ್ರ ಸರಕಾರದ ಲೆಕ್ಕದಾಗ ನಾ ಯಾರ ಮಗಳೂ ಅಲ್ಲ" ಎಂದಳು ನಾದಿನಿ.

"ಹೆತ್ತ ತಾಯಿ ಮುಂದ ಕುಂತು ತಬ್ಬಲಿ ಅಂತ ಹೇಳ್ತಾಳ ನೋಡು! ಇದನ್ನ ಏನ ನಿಮಗ ಸೋಲಾಪುರದಾಗ ಕಲಿಸಿದ್ದು?"

ನಾದಿನಿ ಅಳುವವಳಲ್ಲ. ಎದ್ದು ಹೋಗಿ ಎಮ್ಮೆಯ ಮುಂದೆ ನಿಂತಳು. ನನ್ನ ಗಂಡ ಒಬ್ಬ ಗಂಡಸಿನ ಹಾಗೆ ಏನಾದರೂ ಹೇಳುತ್ತಾರೆಂದು ನೋಡಿದೆ. ಅವರು, "ಬಸ್ಸಿನ ಹೊತ್ತಾತು" ಎಂದರು. ಆದರೆ ಹೊರಡುವಾಗ ಒಂದು ಒಳ್ಳೆಯ ಕೆಲಸ ಮಾಡಿದರು. ಚಹಾದ ಅಂಗಡಿಯಲ್ಲಿ, ಗಿರಣಿಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ನಿಂತು ಹೇಳಿದರು: ಇನ್ನು ಮುಂದೆ ನನ್ನ ತಂಗಿಯ ಬಗ್ಗೆ ಯಾರು ಬಂದು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿರಿ, ಅವರು ಪೊಲೀಸರು. ಊರಿಗೆ ಹಬ್ಬವಾಯಿತು. ಒಂದು ಮನೆಯ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಲು ಆ ಮನೆಯವರೇ ಅಪ್ಪಣೆ ಕೊಟ್ಟದ್ದು ಅದುವರೆಗೆ ಯಾರೂ ಕೇಳಿರಲಿಲ್ಲ.

ಅವರಿಬ್ಬರೂ ವಿಜಾಪುರಕ್ಕೆ ಮರಳಿದರು. ಅತ್ತೆಯ ಮನಸ್ಸು ತಿರುಗುತ್ತದೋ ನೋಡೋಣವೆಂದು ನಾನು ಉಳಿದೆ. ತಿರುಗುವ ಹಾಗೆ ಕಾಣಲಿಲ್ಲ. ನಾಲ್ಕೈದು ದಿನಕ್ಕೆ ಬಬಲೇಶ್ವರದ ಕಡೆಯಿಂದ ಕೆಂಪು ರುಮಾಲಿನ ಒಬ್ಬ ಹಿರಿಯ ಬಂದ. ಎತ್ತು ನೋಡಲು ಬಂದೆ ಎಂದ. ಗಿರಣಿಯಲ್ಲಿ ಕುಳಿತು ನಮ್ಮ ಹುಡುಗಿಯ ಬಗ್ಗೆ ಕೇಳಿದ. ಇವನು ನಿಜವಾಗಿ ಹುಡುಗನ ಕಡೆಯವನು. ಊರು ಅವನನ್ನು ಪೊಲೀಸ್ ಎಂದು ತಿಳಿಯಿತು.

ಹೇಳುವುದನ್ನೆಲ್ಲ ಹೇಳಿದರು. ಇಪ್ಪತ್ತನಾಲ್ಕು ತುಂಬಿ ಇಪ್ಪತ್ತೈದು ನಡೆದಿದೆ. ಸರಕಾರಿ ದವಾಖಾನೆಯಲ್ಲಿ ನರ್ಸ್. ಊರ ಗಂಡಸರಿಗೆಲ್ಲ ಇಂಜೆಕ್ಷನ್ ಹಾಕಿದ್ದಾಳೆ, ಎಲ್ಲೆಲ್ಲಿ ಹಾಕಿದ್ದಾಳೆ ಎನ್ನುವುದನ್ನೂ ಒಬ್ಬ ಕೈ ಇಟ್ಟು ತೋರಿಸಿದ. ಹಟಮಾರಿ. ರೊಟ್ಟಿ ದಪ್ಪ ಬಡಿಯುತ್ತಾಳೆ. ಎದುರು ಮನೆಯವಳು, "ಸಣ್ಣಾಕಿ ಇದ್ದಾಗ ನನ್ನ ತಲೀಗೆ ಕಲ್ಲ ಒಗದಾಳ್ರೀ, ನೋಡ್ರಿ ಗುರ್ತು" ಎಂದು ತಲೆ ಬಗ್ಗಿಸಿ ತೋರಿಸಿದಳು.

ಅತ್ತೆ ಇದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. ಈ ಮನುಷ್ಯ ಬಬಲೇಶ್ವರದ ದೊಡ್ಡ ಮನೆಯವನೆಂದು ಅವಳಿಗೆ ಗುರುತಿತ್ತು. ಇನ್ನು ಹೊಳ್ಳಿ ನೋಡದೆ ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ. ಮುಖವೆಲ್ಲ ನಗೆಯಾಗಿ ನಮ್ಮ ಪಡಸಾಲೆಗೆ ಬಂದು ಕಾಲು ಮಡಚಿ ಕುಳಿತ.

"ಅಕ್ಕಾರ, ಮುಚ್ಚಿಟ್ಟು ಏನ ಮಾಡೂದೈತಿ? ನಾ ಹೆಣ್ಣಿನ ಚೌಕಶಿಗೆ ಬಂದಾಂವ. ಹುಡುಗಿ ನಮಗ ಪಸಂದ ಬಂದಾಳ."

ಅತ್ತೆ ಬಾಯಿ ತೆರೆದಳು. ನಾನು ಚಹಾ ಇಟ್ಟೆ.

"ವಯಸ್ಸು ಸ್ವಲ್ಪ..." ಎಂದಳು ಅತ್ತೆ.

"ಇರ್ಲಿ ಬಿಡ್ರಿ, ಗಟ್ಟಿ ಇರ್ತಾಳ."

"ದವಾಖಾನಿ ನೌಕ್ರಿ..."

"ಅದಕ್ಕ ನಾವು ಒಪ್ಪಿದ್ದು! ನಮ್ಮಣ್ಣಗ, ಅಂದ್ರ ಹುಡುಗನ ಅಪ್ಪಗ, ಲಕವಾ ಹೊಡದು ಹಾಸಿಗಿ ಹಿಡದಾನ. ಬೆನ್ನೆಲ್ಲ ಹುಣ್ಣಾಗಿ ಕೊಳ್ಯಾಕತ್ತೈತಿ. ಇದ್ದ ಸೊಸ್ಯಾರು ಮೂಗ ಮುಚ್ಚಕೊಂಡು ಹೊರಗ ಹೋಗ್ತಾರ. ಹುಣ್ಣ ತೊಳಿಯಾಕಿ, ಇಂಜೆಕ್ಷನ್ ಹಾಕಾಕಿ ಮನೀಗೇ ಬಂದ್ರ ಅದಕಿಂತ ಏನ ಬೇಕ್ರಿ?"

"ಹುಡುಗ ಏನ ಮಾಡ್ತಾನ್ರಿ?"

"ಹುಡುಗಾ ಇದ್ದಾನ" ಎಂದ, ಹುಡುಗನದು ಇಲ್ಲಿ ಏನು ಕೆಲಸ ಎನ್ನುವವನಂತೆ.

"ನೌಕ್ರಿ ಮುಂದ..."

"ಬಿಡಸೂದು. ಮನ್ಯಾಗ ದವಾಖಾನಿ ಇದ್ದಂಗ ಐತೆಲ್ಲ. ಮತ್ತ ವರದಕ್ಷಿಣಿ ಮಾತು, ಅದನ್ನ ನಾವು ನಾವು ಕುಂತು ಆಡೂಣು. ವಯಸ್ಸು ಆಗೇತಿ ಅಂದ ಮ್ಯಾಲೆ ನೀವೂ ಸ್ವಲ್ಪ ಕೈ ಸಡ್ಲ ಬಿಡಬೇಕಾಗ್ತೈತಿ."

ನಾನು ಚಹಾ ತಂದು ಕೊಟ್ಟೆ. ಅವನು ಎರಡು ಗುಟುಕು ಕುಡಿದಿರಬೇಕು, ಅತ್ತೆ ಶುರು ಮಾಡಿದಳು.

"ಅಲ್ರೀ, ಸರಕಾರ ನನ್ನ ಮಗಳಿಗೆ ತಿಂಗಳಾ ತಿಂಗಳಾ ಪಗಾರ ಕೊಟ್ಟು, ಬಿಳಿ ಸೀರಿ ಕೊಟ್ಟು, ಸಿಸ್ಟರ್ ಅಂತ ಕರದು ಹುಣ್ಣ ತೊಳಸ್ತೈತಿ. ನೀವು ನನ್ನ ಕಡಿಂದ ರೊಕ್ಕ ಇಸಗೊಂಡು ತೊಳಸಾವರು?"

"ಹಂಗಲ್ಲಕ್ಕಾರ, ಸೊಸಿ ಅಂದ ಮ್ಯಾಲೆ..."

"ಅಕಿಗೆ ವಿಲಾಯತಿಯಿಂದ ಕಾಗದ ಬಂದೈತಿ ಗೊತ್ತೈತೇನು? ಆ ರಾಣಿ ಮನಿಯವರು ಬಾರವ್ವಾ ಅಂತ ಕರದಾರ. ನಿಮ್ಮಣ್ಣನ ಬೆನ್ನ ತೊಳಿಯಾಕ ನಾ ಅಕಿನ್ನ ಮ್ಯಾಟ್ರಿಕ್ ಓದಿಸೀನೇನು?"

ಓದಿಸಿದ್ದು ಮಾವ. ಅದನ್ನು ಎತ್ತಿ ಆಡುವ ಹೊತ್ತು ಅದಲ್ಲ. ಅತ್ತೆ ಕೈ ಚಾಚಿ ಅವನ ಕೈಯೊಳಗಿನ ಕಪ್ಪು ಬಸಿ ಇಸಿದುಕೊಂಡಳು. "ಚಾ ಆರೈತಿ. ಕೊಡ್ರಿ." ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅವನು ರುಮಾಲು ಸರಿ ಮಾಡಿಕೊಂಡು ಎದ್ದ. ಹೋಗುವಾಗ ಎತ್ತಿನ ಮಾತನ್ನೂ ಎತ್ತಲಿಲ್ಲ.

ಅವನು ಓಣಿಯ ತಿರುವು ದಾಟುವ ಮೊದಲೇ ಅತ್ತೆ ನನ್ನ ಕಡೆ ತಿರುಗಿ, "ವಿಜಾಪುರದ ಬಸ್ ಎಷ್ಟೊತ್ತಿಗೈತಿ?" ಎಂದಳು.

ಪೊಲೀಸ್ ಕಚೇರಿಯಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕುಳಿತವಳಲ್ಲ, ಅಂಚಿನ ಮೇಲೆ ಕುಳಿತಳು. ಜಮಾದಾರ ಹೇಳಿಕೆ ಬರೆದುಕೊಳ್ಳಲು ಎದುರಿಗೆ ಕುಳಿತ. ಅವನನ್ನು ನೋಡಿ ಅತ್ತೆ ಮೂಗು ಮುರಿದಳು.

"ಈಕಿ ನಿನ್ನ ಮಗಳೇನು?" ಎಂದು ಸಾಹೇಬರು ನಾದಿನಿಯನ್ನು ತೋರಿಸಿ ಕೇಳಿದರು.

"ಹೌದ್ರಿ. ಒಂದು ಹಗಲು, ಒಂದು ರಾತ್ರಿ ತ್ರಾಸ ಕೊಟ್ಟು ಹುಟ್ಯಾಳ. ನನಗ ಗೊತ್ತಿರಲಾರದ್ದು ಯಾರಿಗೆ ಗೊತ್ತಿರ್ತೈತಿ?"

"ಏನು ಕೆಲಸ?"

"ನರ್ಸು." ಆ ಶಬ್ದ ಅವಳ ಬಾಯಿಂದ ನಾನು ಮೊದಲ ಸಲ ಕೇಳಿದೆ. ಒಮ್ಮೆ ಬಾಯಿಗೆ ಬಂದ ಮೇಲೆ ಅವಳಿಗೆ ರುಚಿ ಹತ್ತಿತು. "ಸೋಲಾಪುರದಾಗ ಮೂರು ವರ್ಷ ಕಲ್ತಾಳ. ಡಾಕ್ಟರ್ ಮಂದೀನೂ ಇಕಿನ್ನ ಕೇಳಿ ಕೆಲಸಾ ಮಾಡ್ತಾರ" ಎಂದಳು. ನಾದಿನಿ ನೆಲ ನೋಡಿದಳು.

"ವಯಸ್ಸು?"

ಅತ್ತೆ ಹಿಂದೆ ಮುಂದೆ ನೋಡಿದಳು. ಬಾಗಿಲಲ್ಲಿ ಯಾರೋ ಇಬ್ಬರು ನಿಂತಿದ್ದರು. ಅವರನ್ನು ಹೊರಗೆ ಕಳಿಸಿ ಎಂದಳು. ಕಳಿಸಿದ ಮೇಲೆ, "ಇಪ್ಪತ್ನಾಕು. ಬರಕೋ. ಸಣ್ಣ ಅಕ್ಷರದಾಗ ಬರಕೋ" ಎಂದಳು.

"ಬರದದ್ದನ್ನ ಓದಿ ಹೇಳಬೇಕ್ರಿ, ಕಾಯ್ದೆ ಐತಿ" ಎಂದ ಜಮಾದಾರ.

"ಮೆಲ್ಲಕ ಓದು."

ಅವನು ಓದಿದ. ಅವತ್ತು ನೀರು ತಂದ ಹುಡುಗಿ ಯಾರು ಎನ್ನುವ ಮಾತು ಬಂದಾಗ ಅತ್ತೆ ತಡೆದಳು. "ಅದನ್ನ ಬರೀಬ್ಯಾಡ. ಮಂದೀ ಕೂಸು. ಅದಕ್ಕ ಈಗ ವರ ಬರಾಕತ್ತಾವ." ಸಾಹೇಬರು ನೆರೆಮನೆಯ ಹುಡುಗಿ ಎಂದಷ್ಟೇ ಬರೆಸಿದರು. ಅತ್ತೆ ಹೆಬ್ಬೆರಳು ಒತ್ತಿ, ಮಸಿಯನ್ನು ಅವರ ಮೇಜಿನ ಅಂಚಿಗೇ ಒರೆಸಿದಳು.

ಎರಡನೆಯ ಚೌಕಶಿಗೆ ಊರಿಗೆ ಹೋದವನಿಗೆ ಯಾರೂ ಚಹಾ ಕೂಡ ಕೊಡಲಿಲ್ಲವಂತೆ, ಆದರೆ ಹೇಳುವುದನ್ನು ಸರಿಯಾಗಿ ಹೇಳಿದರು. ಮುಂದೆ ದಿನಾ ಟಪಾಲಿನವನ ಹಾದಿ ಕಾಯುವುದೇ ಕೆಲಸವಾಯಿತು. ನಾದಿನಿ ಊಟ ಬಿಟ್ಟಳು. ಅವಳ ಪಾಲಿನದನ್ನು ನಾನು ಉಂಡೆ, ಸುಮ್ಮನೆ ಕೆಡಿಸುವುದೇಕೆ? ಪಾಸ್‌ಪೋರ್ಟ್ ಬಂದಾಗ ಚೀಟಿಗೆ ಐದು ವಾರ ಉಳಿದಿತ್ತು. ಹಡಗು ಹತ್ತಬೇಕಾದರೆ ದೇವಿಯ, ಎಂದರೆ ಸಿಡುಬಿನ, ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟು ಬೇಕಿತ್ತು. ಅವಳದೇ ದವಾಖಾನೆಯಲ್ಲಿ ಅವಳದೇ ಜೊತೆಗಾರ್ತಿ ಲಸಿಕೆ ಹಾಕಿದಳು. ಊರಿಗೆಲ್ಲ ಸೂಜಿ ಚುಚ್ಚಿದವಳು ತನ್ನ ತೋಳಿಗೆ ಚುಚ್ಚಿದ ಕೂಡಲೇ ಕಣ್ಣು ಕತ್ತಲೆ ಬಂದು ಬಿದ್ದಳು. ರಿಕ್ಷಾ ಇರಲಿಲ್ಲ, ಟಾಂಗಾದಲ್ಲಿ ಹಾಕಿಕೊಂಡು ಬಂದರು. ನನ್ನ ಗಂಡ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಹೊರಡುವ ದಿನ ಮಧ್ಯಾಹ್ನದ ಗಾಡಿಗೆ ಸ್ಟೇಷನ್ನಿಗೆ ಹೋದೆವು. ಗಂಡ ಮುಂಬಯಿಯವರೆಗೆ ಜೊತೆಗೆ ಹೊರಟರು. ಅತ್ತೆ ಶೇಂಗಾ ಹೋಳಿಗೆಯ ಗಂಟು ತಂದಿದ್ದಳು. ಹಡಗಿನವರೇ ಊಟ ಕೊಡುತ್ತಾರೆ ಎಂದರೆ, "ಅವರು ಏನ ಕೊಡ್ತಾರೋ ಯಾವ ದೇವರಿಗೆ ಗೊತ್ತು" ಎಂದು ಕಿಟಕಿಯಿಂದ ಒಳಗೆ ತುರುಕಿದಳು. ನಾದಿನಿ ನನ್ನ ಕೈ ಹಿಡಿದು, "ವೈನಿ, ಬರ್ತೀನ್ರಿ" ಎಂದಳು. ನಾನು, "ಕಾಗದ ಬರೀವಾಗ ಅಕ್ಷರ ದೊಡ್ಡವು ಬರಿ. ಕೂಡಿಸಿ ಬರದ್ರ ನನಗ ಓದಾಕ ಬರೂದಿಲ್ಲ" ಎಂದೆ. ಗಾಡಿ ಹೋಯಿತು. ಅತ್ತೆ ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದ ಹೆಂಗಸಿಗೆ ಹೇಳತೊಡಗಿದಳು, "ನನ್ನ ಮಗಳ್ರೀ. ನರ್ಸ್. ವಿಲಾಯತಿಗೆ ಹೊಂಟಾಳ." ಅವಳನ್ನು ಎಳೆದುಕೊಂಡು ಬಂದು ತಿಕೋಟಾದ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ.

ನಾದಿನಿ ಆ ನೆಲದ ಮೇಲೆ ಕಾಲಿಟ್ಟಾಗ ಚೀಟಿಗೆ ಒಂದು ವಾರವೂ ಉಳಿದಿರಲಿಲ್ಲವಂತೆ. ಬಂದರಿನಲ್ಲಿ ಒಬ್ಬ ಸಾಹೇಬ ಚೀಟಿ ನೋಡಿ, ಕ್ಷಯ ಇದೆಯೋ ಎಂದು ಎದೆಯ ಎಕ್ಸ್‌ರೇ ಫೋಟೋ ತೆಗೆಸಿ, ಠಸ್ಸೆ ಒತ್ತಿ ಒಳಗೆ ಬಿಟ್ಟನಂತೆ. ಆಪರೇಶನ್ ಖೋಲಿಯ ಪರೀಕ್ಷೆ ಮೊದಲನೆಯ ಸಲ ಫೇಲಾದಳು, ಎರಡನೆಯ ಸಲ ಪಾಸಾದಳು. ಅಲ್ಲಿಯೇ ಇರಲು ಕಾಯಂ ಅಪ್ಪಣೆ ಸಿಕ್ಕಿತು, ಅಲ್ಲಿಯೇ ಉಳಿದಳು. ಲಗ್ನ ಆಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎರಡು ಸಲ ಊರಿಗೆ ಬಂದು ಹೋದಳು. ಈಗಲೂ ಇದ್ದಾಳೆ, ಮೊಣಕಾಲು ನೋವು.

ಅವಳು ಗಾಡಿ ಹತ್ತಿ ಹೋದ ಮರುದಿನ ಬೆಳಿಗ್ಗೆ ಎದ್ದವಳೇ ನಾನು ಅವಳ ಹೊರಸನ್ನು ಅರ್ಧ ಖೋಲಿಯಿಂದ ಅಂಗಳಕ್ಕೆ ಎಳೆದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಕಾಲುಗಳ ಸಂದಿಗೆಲ್ಲ ಕುದಿನೀರು ಸುರಿದು ತಿಗಣೆ ಕೊಂದೆ. ಬಿಸಿಲೇರುವವರೆಗೆ ಮಗ್ಗುಲು ಬದಲಿಸಿ ಒಣಗಿಸಿದೆ. ಆಮೇಲೆ ಒಳಗೆ ತಂದು ಹಾಕಿ, ಗಂಡ ಊರಲ್ಲಿಲ್ಲದ ಕಾರಣ ಅಡಿಗೆ ಮಾಡುವ ಕೆಲಸವೂ ಇಲ್ಲದೆ, ಅದರ ಮೇಲೆ ಕಾಲು ಚಾಚಿ ಮಧ್ಯಾಹ್ನದವರೆಗೆ ಮಲಗಿದೆ.